ಹಳೆಯ ಆಟಕ್ಕೆ ಮರಳುವವರಿಗೆ: ಗೇರ್ ಎಷ್ಟು ಬೇಕು, ಕೈ ಎಷ್ಟು ಪಳಗಬೇಕು

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಮೋಲ್ಟನ್ ಕೋರ್ ಎಂಬ ತಾಣದ ಕೊನೆಯ ಬಾಸ್ (ಕೆಡವಬೇಕಾದ ದೊಡ್ಡ ಶತ್ರು) ರಾಗ್ನರೋಸ್ ಮೊದಲ ಬಾರಿಗೆ ನೆಲಕ್ಕುರುಳಿದ್ದು 2005ರ ಏಪ್ರಿಲ್‌ನಲ್ಲಿ. ಆಟ ಬಿಡುಗಡೆಯಾಗಿ ಆಗಲೇ ಐದು ತಿಂಗಳು ಕಳೆದಿತ್ತು. ನಲವತ್ತು ಜನ ಒಟ್ಟಾಗಿ ನುಗ್ಗುವ ದಾಳಿ, ಅಂದರೆ ರೇಡ್, ಬೆಂಕಿಯ ಏಟು ತಡೆಯಲೆಂದೇ ಕೂಡಿಹಾಕಿದ ತೊಡುಗೆ, ಸೋಲಿನ ಮೇಲೆ ಸೋಲು. 2019ರ ಆಗಸ್ಟ್ 26ರಂದು ಅದೇ ಆಟದ ಹಳೆಯ ರೂಪ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಈ ಸಲ ರಾಗ್ನರೋಸ್ ಒಂದು ವಾರವೂ ಉಳಿಯಲಿಲ್ಲ. ಅವನನ್ನು ಕೆಡವಿದ ತಂಡದ ಕೆಲವರು ಗರಿಷ್ಠವಾದ 60ನೇ ಲೆವೆಲ್ಲನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ಎರಡೂ ಕಾಲದ ಆಟ ಪೂರ್ತಿ ಒಂದೇ ಆಗಿತ್ತೆಂದು ಹೇಳಲಾಗದು. ಕ್ಲಾಸಿಕ್ ತೆಗೆದುಕೊಂಡದ್ದು 2006ರ ಪ್ಯಾಚ್ (ಆಟದ ಪರಿಷ್ಕರಣೆ) 1.12ರ ರೂಪವನ್ನು; ಅಷ್ಟರಲ್ಲಿ ಪಾತ್ರಗಳ ಸಾಮರ್ಥ್ಯಗಳೂ ವಸ್ತುಗಳೂ ಸಾಕಷ್ಟು ಸುಧಾರಿಸಿದ್ದವು. ಆದರೂ ಐದು ತಿಂಗಳು ಐದಾರು ದಿನಕ್ಕೆ ಇಳಿದದ್ದಕ್ಕೆ ಗೇರ್, ಅಂದರೆ ಪಾತ್ರ ತೊಡುವ ಆಯುಧ-ಕವಚಗಳು, ಕಾರಣವಾಗಲು ಸಾಧ್ಯವಿಲ್ಲ, ಏಕೆಂದರೆ ಅವರ ಬಳಿ ಗೇರ್ ಇರಲೇ ಇಲ್ಲ. ಹದಿನಾಲ್ಕು ವರ್ಷಗಳಲ್ಲಿ ಆಟಗಾರರ ತಲೆಯಲ್ಲಿ ಕೂತ ತಿಳಿವಳಿಕೆ ಆ ಕೆಲಸ ಮಾಡಿತು.

ದೀರ್ಘಕಾಲ ನಡೆಯುವ ಪ್ರತಿಯೊಂದು ಆನ್‌ಲೈನ್ ಆಟದಲ್ಲೂ ನಾನು ಕಂಡದ್ದು ಇದನ್ನೇ. ವರ್ಷ ಕಳೆದಂತೆ ಗೇರ್ ಅಗ್ಗವಾಗುತ್ತದೆ, ‘ಇಷ್ಟಾದರೂ ಗೊತ್ತಿರಬೇಕು’ ಎಂಬ ಗೆರೆ ಮೇಲೇರುತ್ತದೆ. ಮರಳಿ ಬರುವವರು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಹೊರಡುತ್ತಾರೆ: ಮೊದಲ ತಿಂಗಳೆಲ್ಲ ಗೇರ್ ಹಿಂದೆ ಓಡಿ, ಕೈಯನ್ನು ಮರೆತು, ಕೊನೆಗೆ ದಣಿದು ಬಿಟ್ಟುಹೋಗುತ್ತಾರೆ. ಒಳ್ಳೆಯ ಜೊತೆಗಾರರು ಹೀಗೆ ಹೋದದ್ದನ್ನು ನೋಡಿ ಬೇಸರಪಟ್ಟಿದ್ದೇನೆ. ಅಂಥವರಿಗಾಗಿ ಈ ಹಂತಗಳನ್ನು ಬರೆಯುತ್ತಿದ್ದೇನೆ.

1. ಮೊದಲ ದಿನ ಏನನ್ನೂ ಮಾರಬೇಡಿ, ಏನನ್ನೂ ಕೊಳ್ಳಬೇಡಿ

ಲಾಗಿನ್ ಆದ ಕೂಡಲೇ ಚೀಲ ಖಾಲಿ ಮಾಡುವ ಆಸೆ ಬರುತ್ತದೆ. ತಡೆಯಿರಿ. ಆಟ ಯಾವ ಜಾತಿಯದು ಎಂಬುದು ಮೊದಲು ಗೊತ್ತಾಗಬೇಕು, ಏಕೆಂದರೆ ನಿಮ್ಮ ಹಳೆಯ ಗೇರ್‌ನ ಬೆಲೆ ಅದರ ಮೇಲೆಯೇ ನಿಂತಿದೆ.

ಕೆಲವು ಆಟಗಳು ಏಣಿಯಂತೆ ಮೇಲೇರುತ್ತವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಗರಿಷ್ಠ ಲೆವೆಲ್ 60ರಿಂದ ಶುರುವಾಗಿ 70, 80, 85, 90, 100, 110, 120 ಎಂದು ಏರಿತು. 2020ರಲ್ಲಿ ಅದನ್ನು ಒಮ್ಮೆಲೇ ಹಿಂಡಿ ಇಳಿಸಿದರು: 120ರಲ್ಲಿದ್ದ ಪಾತ್ರ 50ಕ್ಕೆ ಬಂದಿತು, ಹೊಸ ಗರಿಷ್ಠ 60 ಆಯಿತು. ಆಮೇಲೆ 2022ರಲ್ಲಿ 70, 2024ರಲ್ಲಿ 80. ಅಂದರೆ ‘80ನೇ ಲೆವೆಲ್’ ಎಂಬ ಮಾತಿಗೆ 2008ರಲ್ಲಿ ಒಂದು ಅರ್ಥ, 2024ರಲ್ಲಿ ಬೇರೆಯೇ ಅರ್ಥ. ಇಂಥ ಆಟದಲ್ಲಿ ಹೊಸ ವಿಸ್ತರಣೆ (ಆಟಕ್ಕೆ ಸೇರುವ ದೊಡ್ಡ ಹೊಸ ಭಾಗ) ಬಂದ ಮೊದಲ ವಾರದಲ್ಲೇ ಹಳೆಯ ರೇಡ್‌ನ ಕತ್ತಿಗಿಂತ ಹಾದಿಯಲ್ಲಿ ಸಿಗುವ ಸಾಧಾರಣ ಕತ್ತಿ ಚೆನ್ನಾಗಿರುತ್ತದೆ. ಹಳೆಯದನ್ನು ನೆನಪಿಗೆ, ಅಂದಕ್ಕೆ ಇಟ್ಟುಕೊಳ್ಳಿ, ಬಲಕ್ಕಾಗಿ ಅಲ್ಲ.

ಇನ್ನು ಕೆಲವು ಆಟಗಳು ಅಗಲವಾಗಿ ಬೆಳೆಯುತ್ತವೆ. ಗಿಲ್ಡ್ ವಾರ್ಸ್ 2 ಬಂದದ್ದು 2012ರಲ್ಲಿ. ಆಗಲೂ ಗರಿಷ್ಠ ಲೆವೆಲ್ 80, ಈಗಲೂ 80. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಅಸೆಂಡೆಡ್ ದರ್ಜೆಯ ಗೇರ್‌ಗಿಂತ ಹೆಚ್ಚಿನ ಅಂಕಗಳ (ಗೇರ್ ಕೊಡುವ ಬಲ, ತಡೆಶಕ್ತಿಗಳ ಅಳತೆ) ದರ್ಜೆ ಮತ್ತೆ ಬಂದಿಲ್ಲ. ಅಲ್ಲಿ ಹತ್ತು ವರ್ಷ ಬಿಟ್ಟು ಬಂದರೂ ನಿಮ್ಮ ತೊಡುಗೆ ತೊಡುಗೆಯೇ. ಆದರೆ ಯಾವ ಅಂಕಗಳ ಜೋಡಣೆ ಈಗ ನಡೆಯುತ್ತದೆ, ತಂಡದಲ್ಲಿ ಯಾರು ಯಾವ ಬಲವನ್ನು ಹಂಚಬೇಕು ಎಂಬುದೆಲ್ಲ ಬದಲಾಗಿರುತ್ತದೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಇವೆರಡರ ನಡುವೆ ನಿಲ್ಲುತ್ತದೆ. 2007ರ ಆಗಸ್ಟ್‌ನ ಪ್ರತಿಯಿಂದ 2013ರಲ್ಲಿ ಮತ್ತೆ ಜೀವ ಪಡೆದ ಆ ಆಟದಲ್ಲಿ ಪ್ರತಿ ಕೌಶಲದ ಮಿತಿ ಇಂದಿಗೂ 99. ಅಟ್ಯಾಕ್ ಕೌಶಲದಲ್ಲಿ 70 ಕೇಳುವ ಹಳೆಯ ಚಾಟಿ ಅಬಿಸಲ್ ವಿಪ್ ಇಂದಿಗೂ ಕೆಲಸಕ್ಕೆ ಬರುತ್ತದೆ. ಅದರ ಮೇಲೆ 82ರವರೆಗೆ ಅಟ್ಯಾಕ್ ಕೇಳುವ ಆಯುಧಗಳು ಬಂದು ಕೂತಿವೆ.

ಮೂರನೆಯದು ಋತುಮಾನದ ಆಟ. ಪಾತ್ ಆಫ್ ಎಕ್ಸೈಲ್‌ನಂಥವುಗಳಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ಲೀಗ್ ತೆರೆಯುತ್ತದೆ, ಅದಕ್ಕೆ ಬರುವವರೆಲ್ಲರೂ ಬರಿಗೈಯಲ್ಲಿ ಶುರು ಮಾಡುತ್ತಾರೆ. ಮರಳುವವರಿಗೆ ಇದಕ್ಕಿಂತ ನ್ಯಾಯವಾದ ಬಾಗಿಲು ಇಲ್ಲ. ಲೀಗ್ ತೆರೆಯುವ ದಿನ ನೋಡಿಕೊಂಡು ಬಂದರೆ ಸಾಕು.

2. ಪ್ರತಿ ಸಲಹೆಗೂ ದಿನಾಂಕ ಹಚ್ಚಿ

ಹಳೆಯ ಆಟದಲ್ಲಿ ಮಾಹಿತಿಗೆ ಬರವಿಲ್ಲ. ಬೇಕಾದದ್ದಕ್ಕಿಂತ ಹತ್ತು ಪಟ್ಟು ಇದೆ, ಅದರಲ್ಲಿ ಹೆಚ್ಚಿನದು ಸತ್ತ ಮಾಹಿತಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. 2008ರ ವ್ರಾತ್ ಆಫ್ ದ ಲಿಚ್ ಕಿಂಗ್ ವಿಸ್ತರಣೆಯಲ್ಲಿ ಟ್ಯಾಂಕ್ ಆಗುವವರಿಗೆ, ಅಂದರೆ ಮುಂದೆ ನಿಂತು ಬಾಸ್‌ನ ಏಟು ತಿನ್ನುವವರಿಗೆ, 540 ಎಂಬ ಸಂಖ್ಯೆ ಮಂತ್ರದಂತಿತ್ತು. ಡಿಫೆನ್ಸ್ ಕೌಶಲ 540 ಮುಟ್ಟಿದರೆ ರೇಡ್ ಬಾಸ್‌ನ ಏಟು ‘ಕ್ರಿಟಿಕಲ್’ (ಮಾಮೂಲಿಗಿಂತ ಬಹಳ ಭಾರ) ಆಗುವುದಿಲ್ಲ. 539 ಇದ್ದರೆ ಆಗಬಹುದು. ಹಿಂದಿನ ವಿಸ್ತರಣೆಯಲ್ಲಿ ಇದೇ ಸಂಖ್ಯೆ 490 ಆಗಿತ್ತು. ಈ ಒಂದು ಗೆರೆ ಮುಟ್ಟಲು ಒಳ್ಳೆಯ ಉಂಗುರಗಳನ್ನೇ ಬದಿಗಿಟ್ಟು ಕಳಪೆ ಉಂಗುರ ಹಾಕಿಕೊಂಡವರಿದ್ದರು, ಆಗ ಅದು ಸರಿಯಾದ ನಿರ್ಧಾರವೂ ಆಗಿತ್ತು. 2010ರ ಅಕ್ಟೋಬರ್‌ನ ಪ್ಯಾಚ್‌ನಲ್ಲಿ ಗೇರ್ ಮೇಲಿನ ಡಿಫೆನ್ಸ್ ಅಂಕವನ್ನೇ ತೆಗೆದುಹಾಕಿದರು. ಅದೇ ಪ್ಯಾಚ್‌ನಲ್ಲಿ ವಸ್ತುಗಳ ಅಂಕಗಳನ್ನು ಅದಲುಬದಲು ಮಾಡುವ ರೀಫೋರ್ಜಿಂಗ್ ಬಂದಿತು. 2014ರಲ್ಲಿ ಆ ರೀಫೋರ್ಜಿಂಗೂ ಹೋಯಿತು, ಗುರಿ ತಪ್ಪದಂತೆ ನೋಡಿಕೊಳ್ಳುತ್ತಿದ್ದ ‘ಹಿಟ್’ ಅಂಕವೂ ಹೋಯಿತು. ಹೀಗೆ ಆರು ವರ್ಷಗಳಲ್ಲಿ ಒಬ್ಬ ಟ್ಯಾಂಕ್ ಕಲಿತ ಮೂರು ದೊಡ್ಡ ನಿಯಮಗಳು ಇಲ್ಲವಾದವು. ಆದರೆ ಆ ಕಾಲದ ಮಾರ್ಗದರ್ಶಿಗಳು ಈಗಲೂ ಹುಡುಕಿದರೆ ಸಿಗುತ್ತವೆ, ಅಂದಿನಷ್ಟೇ ಖಚಿತ ದನಿಯಲ್ಲಿ ಮಾತನಾಡುತ್ತವೆ.

ನಾನು ಪಾಲಿಸುವ ಕ್ರಮ ಹೀಗಿದೆ. ಯಾವುದೇ ಸಲಹೆ ಓದುವ ಮೊದಲು ಅದು ಯಾವ ಪ್ಯಾಚ್‌ಗೆ ಬರೆದದ್ದು ಎಂದು ನೋಡುತ್ತೇನೆ. ಪ್ಯಾಚ್ ಸಂಖ್ಯೆಯೇ ಇಲ್ಲದಿದ್ದರೆ ಸಂಖ್ಯೆಗಳನ್ನು ನಂಬುವುದಿಲ್ಲ, ಚಲನೆಯ ವಿವರಗಳನ್ನು ಮಾತ್ರ ಓದುತ್ತೇನೆ. ಬಾಸ್ ಎಲ್ಲಿ ತಿರುಗುತ್ತದೆ, ಯಾವಾಗ ಓಡಬೇಕು ಎಂಬಂಥವು ವರ್ಷಗಳ ಕಾಲ ಬದಲಾಗದೆ ಉಳಿಯುತ್ತವೆ. ಎಷ್ಟು ಅಂಕ ಬೇಕು ಎಂಬುದು ತಿಂಗಳುಗಳಲ್ಲಿ ಬದಲಾಗುತ್ತದೆ.

3. ‘ಬೇಕು’ ಎಂದು ಹೇಳುತ್ತಿರುವವರು ಯಾರು?

ಈ ಹಂತವನ್ನು ದಯವಿಟ್ಟು ದಾಟಿಹೋಗಬೇಡಿ. ‘ಈ ರೇಡ್‌ಗೆ ಇಷ್ಟು ಗೇರ್ ಬೇಕು’ ಎಂಬ ಒಂದೇ ವಾಕ್ಯವನ್ನು ಮೂರು ಬೇರೆ ಬೇರೆ ದನಿಗಳು ಹೇಳುತ್ತಿರುತ್ತವೆ.

ಮೊದಲ ದನಿ ಬಾಗಿಲಿನದು. ಆಟವೇ ಹಾಕಿದ ಅಡ್ಡಗಟ್ಟೆ: ಲೆವೆಲ್, ಮುಗಿಸಬೇಕಾದ ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ), ಸರಾಸರಿ ಐಟಂ ಲೆವೆಲ್ (ತೊಟ್ಟ ಗೇರ್‌ನ ಮಟ್ಟ). ಫೈನಲ್ ಫ್ಯಾಂಟಸಿ 14ರಲ್ಲಿ ಮುಖ್ಯ ಕಥೆಯನ್ನು ಆಯಾ ಹಂತದವರೆಗೆ ಮುಗಿಸದೆ ಹೊಸ ವಿಸ್ತರಣೆಯ ಡಂಜನ್‌ಗಳು (ಸಣ್ಣ ತಂಡ ನುಗ್ಗುವ ಶತ್ರುತಾಣಗಳು) ತೆರೆಯುವುದಿಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ರೂನ್ ಲೋಹದ ಎದೆಕವಚ ತೊಡಲು 40 ಡಿಫೆನ್ಸ್ ಇದ್ದರೆ ಸಾಲದು, ಡ್ರ್ಯಾಗನ್ ಸ್ಲೇಯರ್ ಕ್ವೆಸ್ಟ್ ಮುಗಿಸಿರಬೇಕು. ಈ ದನಿಯೊಂದಿಗೆ ಚೌಕಾಸಿ ಇಲ್ಲ.

ಎರಡನೆಯದು ಲೆಕ್ಕದ ದನಿ. ಬಾಸ್‌ಗೆ ಇಷ್ಟು ಆರೋಗ್ಯ, ನಿಮಗೆ ಇಷ್ಟು ಸಮಯ, ಒಂದು ಏಟಿನ ಭಾರ ಇಷ್ಟು. ಇದು ಎಲ್ಲೂ ಬರೆದಿರುವುದಿಲ್ಲ, ಆದರೆ ಅತ್ಯಂತ ನಿಜವಾದದ್ದು ಇದೇ.

ಮೂರನೆಯದು ಜನರ ದನಿ. ತಂಡ ಕಟ್ಟುವವರು ಕೇಳುವ ಸಂಖ್ಯೆ. ಇದು ಲೆಕ್ಕಕ್ಕಿಂತ ಸದಾ ಹೆಚ್ಚಿರುತ್ತದೆ, ಏಕೆಂದರೆ ಅಪರಿಚಿತರ ಕೈ ಹೇಗಿದೆ ಎಂದು ಅಳೆಯುವ ದಾರಿ ಅವರಿಗಿಲ್ಲ. ಅಳೆಯಬಹುದಾದ ಗೇರನ್ನು ಅಳೆಯುತ್ತಾರೆ. 2009ರ ಸುಮಾರಿಗೆ ವಾರ್‌ಕ್ರಾಫ್ಟ್‌ನಲ್ಲಿ ಗೇರನ್ನು ಒಂದೇ ಸಂಖ್ಯೆಯಲ್ಲಿ ಅಳೆಯುವ ಗೇರ್‌ಸ್ಕೋರ್ ಎಂಬ ಆಡ್‌ಆನ್ (ಆಟಕ್ಕೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹರಡಿದ್ದು ಈ ಕಾರಣಕ್ಕೆ. ಮುಂದೆ ಸರಾಸರಿ ಐಟಂ ಲೆವೆಲ್ಲನ್ನು ಆಟವೇ ತೋರಿಸತೊಡಗಿತು. 2016ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಠಿಣವಾಗುವ ಮಿಥಿಕ್ ಪ್ಲಸ್ ಡಂಜನ್‌ಗಳು ಬಂದ ಮೇಲೆ ಆಟಗಾರರು ಗಳಿಸಿದ ರೇಟಿಂಗ್ ಕೇಳುವ ರೂಢಿ ಬಂದಿತು, 2021ರಲ್ಲಿ ಆ ರೇಟಿಂಗೂ ಆಟದ ಒಳಗೇ ಸೇರಿತು. ಗಮನಿಸಿ: ಅಳತೆ ನಿಧಾನವಾಗಿ ಗೇರ್‌ನಿಂದ ಕೈಯ ಕಡೆಗೆ ಸರಿದಿದೆ. ಇದು ಒಳ್ಳೆಯದೇ ಆಯಿತು ಎನ್ನುತ್ತೇನೆ, ಹೊಸಬರಿಗೆ ಮೊದಲ ಮೆಟ್ಟಿಲು ಸ್ವಲ್ಪ ಎತ್ತರವಾಯಿತು ಎಂಬುದನ್ನು ಒಪ್ಪಿಕೊಂಡೇ.

ಬಾಗಿಲು ಇಲ್ಲದ ಕಡೆ ಲೆಕ್ಕ ಕಠಿಣವಾಗಿರಬಹುದು ಎಂಬುದಕ್ಕೆ ರೂನ್‌ಸ್ಕೇಪ್‌ನ ಫೈಟ್ ಕೇವ್ಸ್ ನೋಡಿ. 2005ರಲ್ಲಿ ಬಂದ ಆ ಗುಹೆಗೆ ಯಾರು ಬೇಕಾದರೂ ಹೋಗಬಹುದು, ಯಾವ ಕೌಶಲದ ಮಟ್ಟವನ್ನೂ ಅದು ಕೇಳುವುದಿಲ್ಲ. ಆದರೆ ಶತ್ರುಗಳ 63ನೆಯ ಅಲೆಯಲ್ಲಿ ಎದುರಾಗುವ ಜಾಡ್ ಎಂಬ ದೊಡ್ಡ ಪ್ರಾಣಿಯ ಏಟು 97ರವರೆಗೆ ಹೋಗುತ್ತದೆ. ನಿಮ್ಮ ಆರೋಗ್ಯದ ಗರಿಷ್ಠವೇ 99. ಮಾಂತ್ರಿಕ ದಾಳಿ ತಡೆಯುವ ಪ್ರಾರ್ಥನೆಗೆ ಪ್ರೇಯರ್ ಕೌಶಲದಲ್ಲಿ 37 ಬೇಕು, ದೂರದ ದಾಳಿ ತಡೆಯಲು 40, ಹತ್ತಿರದ ದಾಳಿಗೆ 43. ಹಾಗಾಗಿ ಬಾಗಿಲು ‘ಏನೂ ಬೇಡ’ ಎಂದರೂ ಲೆಕ್ಕ ‘43 ಪ್ರೇಯರ್ ಇಲ್ಲದೆ ಬರಬೇಡ’ ಎನ್ನುತ್ತದೆ.

ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ: ಬಾಗಿಲು ಏನು ಕೇಳುತ್ತದೆ, ಲೆಕ್ಕ ಏನು ಕೇಳುತ್ತದೆ, ಜನ ಏನು ಕೇಳುತ್ತಾರೆ. ಮೂರನೆಯ ಸಾಲನ್ನು ನೋಡಿ ಎದೆಗುಂದಿದವರು ಎರಡನೆಯ ಸಾಲನ್ನು ಬರೆದ ಮೇಲೆ ನೆಮ್ಮದಿಯಾದದ್ದನ್ನು ನೋಡಿದ್ದೇನೆ.

4. ಸರಾಸರಿಗಿಂತ ಮೊದಲು ಗೆರೆಗಳನ್ನು ದಾಟಿ

ಅಂಕಗಳಲ್ಲಿ ಎರಡು ಬಗೆ. ಒಂದು ಬಗೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು. ಇನ್ನೊಂದಕ್ಕೆ ಗೆರೆಯಿದೆ: ಅದನ್ನು ಮುಟ್ಟುವವರೆಗೆ ಅತ್ಯಗತ್ಯ, ಮುಟ್ಟಿದ ಮೇಲೆ ವ್ಯರ್ಥ. ಮರಳಿದವರು ಎರಡನೆಯ ಬಗೆಯಿಂದ ಶುರು ಮಾಡಬೇಕು.

ಪಾತ್ ಆಫ್ ಎಕ್ಸೈಲ್‌ನಲ್ಲಿ ಬೆಂಕಿ, ಹಿಮ, ಮಿಂಚು ಈ ಮೂರರ ತಡೆಶಕ್ತಿಗೆ ಸಾಮಾನ್ಯ ಮಿತಿ ಶೇ 75. ಆದರೆ ಕಥೆ ಮುಗಿಸುವಷ್ಟರಲ್ಲಿ ಆಟ ನಿಮ್ಮಿಂದ ಎರಡು ಸಲ 30ರಂತೆ ಒಟ್ಟು 60 ಅಂಕ ಕಿತ್ತುಕೊಳ್ಳುತ್ತದೆ: ಕಥೆಯ ಐದನೆಯ ಭಾಗದ ಕೊನೆಗೊಮ್ಮೆ, ಹತ್ತನೆಯ ಭಾಗದ ಕೊನೆಗೊಮ್ಮೆ. ಅಂದರೆ 75ರಲ್ಲಿ ನಿಲ್ಲಲು ಬೇರೆ ಮೂಲಗಳಿಂದ 135 ಕೂಡಿಸಬೇಕು. ಈ ಲೆಕ್ಕ ತಿಳಿಯದವರು ಹೊಸ ಕತ್ತಿಗಾಗಿ ಹಂಬಲಿಸುತ್ತಾ ಒಂದೇ ಏಟಿಗೆ ಸಾಯುತ್ತಿರುತ್ತಾರೆ. 75 ಮುಟ್ಟಿದವರಿಗೆ ಅದೇ ಏಟು ನಾಲ್ಕನೆಯ ಒಂದು ಭಾಗವಷ್ಟೇ ತಾಗುತ್ತದೆ. ಯಾವ ಕತ್ತಿಯೂ ಕೊಡಲಾರದ ಲಾಭ ಇದು.

ಈವ್ ಆನ್‌ಲೈನ್‌ನಲ್ಲಿ ಗೆರೆ ಇನ್ನೊಂದು ರೂಪದಲ್ಲಿದೆ. 2003ರಿಂದ ನಡೆಯುತ್ತಿರುವ ಆ ಆಟದಲ್ಲಿ ಕೌಶಲಗಳು ನಿಜವಾದ ಗಡಿಯಾರದ ಲೆಕ್ಕದಲ್ಲಿ, ನೀವು ಆಟದಲ್ಲಿ ಇಲ್ಲದಾಗಲೂ ಬೆಳೆಯುತ್ತವೆ. ಮೂಲ ದರ್ಜೆಯ ಒಂದು ಕೌಶಲವನ್ನು ಐದನೆಯ ಹಂತಕ್ಕೆ ಒಯ್ಯಲು ಒಟ್ಟು 2,56,000 ಅಂಕ ಬೇಕು. ನಾಲ್ಕನೆಯ ಹಂತಕ್ಕೆ 45,255 ಸಾಕು. ಹೆಚ್ಚಿನ ಕೌಶಲಗಳಲ್ಲಿ ಪ್ರತಿ ಹಂತದ ಲಾಭ ಸಮಸಮ. ಅಂದರೆ ಐದರಲ್ಲಿ ನಾಲ್ಕು ಪಾಲು ಲಾಭ ಐದನೆಯ ಒಂದು ಪಾಲಿಗಿಂತ ಕಡಿಮೆ ಸಮಯಕ್ಕೆ ಸಿಗುತ್ತದೆ. ಹೊಸಬರು ಹತ್ತು ಕೌಶಲಗಳನ್ನು ನಾಲ್ಕಕ್ಕೆ ಒಯ್ದು ನಿಲ್ಲಿಸುವುದು ಜಾಣತನ. ಯಾವುದೋ ಹಡಗಿಗೆ ಐದನೆಯ ಹಂತವೇ ಬಾಗಿಲಾಗಿದ್ದರೆ ಮಾತ್ರ ಅದನ್ನು ಪೂರ್ತಿ ಮಾಡಿ. ರೂನ್‌ಸ್ಕೇಪ್‌ನಲ್ಲೂ ಇದೇ ಕಥೆ: 99ಕ್ಕೆ ಬೇಕಾದ 1,30,34,431 ಅನುಭವ ಅಂಕಗಳ ಅರ್ಧದಾರಿ ಇರುವುದು 92ರಲ್ಲಿ.

5. ಗೇರ್: ಇಂದಿನ ಅಗ್ಗದ್ದು, ಆಯುಧ ಮೊದಲು

ಇದಕ್ಕೆ ಹೆಚ್ಚು ಮಾತು ಬೇಡ. ಏಣಿಯಂಥ ಆಟಗಳಲ್ಲಿ ಆಟ ನಡೆಸುವವರೇ ಹಿಂದುಳಿದವರಿಗೆ ಅಗ್ಗದ ಗೇರ್ ಇಟ್ಟಿರುತ್ತಾರೆ. ಟೋಕನ್ ಕೊಟ್ಟು ಕೊಳ್ಳುವಂಥದ್ದು, ಕುಶಲಕರ್ಮಿಗಳು ಮಾಡಿಕೊಡುವಂಥದ್ದು, ವಾರದ ಕೆಲಸಕ್ಕೆ ಸಿಗುವಂಥದ್ದು. ಹಿಂದಿನ ಸೀಸನ್‌ನ (ಆಟದ ಕೆಲವು ತಿಂಗಳ ಸುತ್ತು) ಅತ್ಯುತ್ತಮಕ್ಕಿಂತ ಈ ಸೀಸನ್‌ನ ಅಗ್ಗದ್ದು ಹಲವು ಸಲ ಮೇಲು. ಹೊಡೆಯುವವರಿಗೆ ಆಯುಧ ಮೊದಲು, ಏಕೆಂದರೆ ಅನೇಕ ಆಟಗಳಲ್ಲಿ ಎಲ್ಲ ಏಟಿನ ಲೆಕ್ಕ ಆಯುಧದಿಂದಲೇ ಹುಟ್ಟುತ್ತದೆ. ಅಪರೂಪದ ಸಾಮಗ್ರಿ ಸುರಿದು ಬಲಪಡಿಸುವ ಕೆಲಸವನ್ನು ಎರಡು ವಾರ ಉಳಿಯುವ ವಸ್ತುವಿನ ಮೇಲೆ ಮಾಡಬೇಡಿ. ಬೀಳುವ ಲೂಟಿಯನ್ನು ನೆಚ್ಚಿ ಕೂರುವುದಕ್ಕಿಂತ ಖಚಿತವಾಗಿ ಸಿಗುವ ವಸ್ತುಗಳಿಂದ ಖಾಲಿ ಜಾಗ ತುಂಬಿ, ಅದೃಷ್ಟ ಬಂದಾಗ ಬರಲಿ.

ಹಳೆಯ ಡಂಜನ್‌ಗೆ ಹೋದರೆ ನಿಮ್ಮ ಬಲವನ್ನು ಇಳಿಸುವ ಆಟಗಳೂ ಇವೆ. ಫೈನಲ್ ಫ್ಯಾಂಟಸಿ 14ರಲ್ಲಿ 100ನೇ ಲೆವೆಲ್‌ನವರು 50ನೇ ಲೆವೆಲ್‌ನ ಡಂಜನ್‌ಗೆ ಜೊತೆಗಾರರೊಂದಿಗೆ ಸರತಿಯಲ್ಲಿ ಹೋದರೆ ಅವರ ಲೆವೆಲ್ ಇಳಿಯುತ್ತದೆ, ಗೇರ್ ಇಳಿಯುತ್ತದೆ, ಆಮೇಲೆ ಕಲಿತ ಕೌಶಲಗಳೂ ಮಾಯವಾಗುತ್ತವೆ. ಅಲ್ಲಿ ಗೇರ್ ಕಾಪಾಡುವುದಿಲ್ಲ. ಅರ್ಧ ಗುಂಡಿಗಳೊಂದಿಗೆ ಆಡಲು ಬರಬೇಕು.

6. ಕೈ: ಇಲ್ಲಿ ಸಮಯ ಹಾಕಿ

ಮತ್ತೆ ಜಾಡ್ ಬಳಿಗೆ ಹೋಗೋಣ. ಇಡೀ ವಿಷಯ ಆ ಒಂದು ಪ್ರಾಣಿಯಲ್ಲಿದೆ.

ಜಾಡ್ ಮುಂಗಾಲುಗಳನ್ನೆತ್ತಿ ಗಾಳಿಯಲ್ಲಿ ಒಂದು ಕ್ಷಣ ನಿಂತರೆ ಬರುವುದು ಮಾಂತ್ರಿಕ ದಾಳಿ. ಮುಂಗಾಲುಗಳನ್ನು ನೆಲಕ್ಕೆ ಬಡಿದರೆ ದೂರದ ದಾಳಿ. ನೋಡಬೇಕು, ಗುರುತಿಸಬೇಕು, ಸರಿಯಾದ ಪ್ರಾರ್ಥನೆಗೆ ಬದಲಾಯಿಸಬೇಕು. ಆಟದ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ನಿಮ್ಮ ಬೆರಳು ಒಂದೆರಡು ಮಿಡಿತ ತಡಮಾಡಿದರೆ ಮುಗಿಯಿತು, ಎದೆಕವಚ ಯಾವುದಿದ್ದರೂ ಅಷ್ಟೆ. ನಾನು ಮೊದಲ ಸಲ ಅಲ್ಲಿಗೆ ತಲುಪಿದಾಗ 62 ಅಲೆಗಳನ್ನು ದಾಟಿ ಬಂದ ಸುಸ್ತಿನಲ್ಲಿ ಜಾಡ್‌ನ ಮುಖ ನೋಡುತ್ತಿದ್ದೆ. ಸತ್ತೆ. ಎರಡನೆಯ ಸಲವೂ ಮುಖವನ್ನೇ ನೋಡಿ ಸತ್ತೆ. ಮೂರನೆಯ ಸಲ ಕಣ್ಣನ್ನು ಕಾಲುಗಳ ಮೇಲೆ ನೆಟ್ಟು, ಬೇರೆ ಯಾವುದನ್ನೂ ನೋಡದೆ ಆಡಿದೆ. ಅದೇ ತೊಡುಗೆ, ಅದೇ ಬಿಲ್ಲು. ಗೆದ್ದೆ.

2015ರಲ್ಲಿ ಬ್ಲೋಪೈಪ್ ಎಂಬ ವೇಗದ ಆಯುಧ ಬಂದಿತು. ಅದರ ನಂತರವೂ ಇನ್ನಷ್ಟು ಬಲವಾದವು ಬಂದವು. ಜಾಡ್‌ನ ಆರೋಗ್ಯ 250 ಇದ್ದದ್ದು ಅಷ್ಟೇ ಇದೆ, ಹಾಗಾಗಿ ಹೋರಾಟ ಬೇಗ ಮುಗಿಯುತ್ತದೆ. ಮೊದಲು ಅನೇಕ ಸಲ ಬದಲಾಯಿಸಬೇಕಿದ್ದ ಪ್ರಾರ್ಥನೆಯನ್ನು ಈಗ ಕೆಲವೇ ಸಲ ಬದಲಾಯಿಸಿದರೆ ಸಾಕು. ಆದರೆ ಆ ಕೆಲವು ಸಲ ಬದಲಾಯಿಸಲೇಬೇಕು. ಗೇರ್ ನಿಮ್ಮ ಪರೀಕ್ಷೆಯ ಪ್ರಶ್ನೆಗಳನ್ನು ಕಡಿಮೆ ಮಾಡುತ್ತದೆ, ಉತ್ತರ ಬರೆದುಕೊಡುವುದಿಲ್ಲ.

ತಂಡದ ಆಟದಲ್ಲಿ ಇದನ್ನು ಸಂಖ್ಯೆಯಲ್ಲೇ ತೋರಿಸಬಹುದು. ಒಂದು ಬಾಸ್‌ಗೆ 36 ಕೋಟಿ ಆರೋಗ್ಯವಿದೆ, ಆರು ನಿಮಿಷದೊಳಗೆ ಮುಗಿಸಬೇಕು, ಹೊಡೆಯುವವರು 14 ಜನ ಎಂದು ಇಟ್ಟುಕೊಳ್ಳಿ. ತಂಡ ಸೆಕೆಂಡಿಗೆ 10 ಲಕ್ಷ ಹೊಡೆಯಬೇಕು, ತಲಾ ಸುಮಾರು 71 ಸಾವಿರ. ಒಬ್ಬರು ಮೂರನೆಯ ನಿಮಿಷದ ಕೊನೆಗೆ ಬೆಂಕಿಯ ವೃತ್ತದಲ್ಲಿ ನಿಂತು ಸತ್ತರು. ಉಳಿದ 13 ಜನ ಉಳಿದ ಮೂರು ನಿಮಿಷ ತಲಾ ಶೇ 7.7ರಷ್ಟು ಹೆಚ್ಚು ಹೊಡೆಯಬೇಕು. ಒಂದು ಹೊಸ ಉಂಗುರದಿಂದ ಅಷ್ಟು ಸಿಗುವುದಿಲ್ಲ. ಬದುಕಿ ಉಳಿದು ಸಾಧಾರಣವಾಗಿ ಹೊಡೆಯುವ ಒಬ್ಬರು, ಅದ್ಭುತ ಗೇರ್ ತೊಟ್ಟು ನೆಲದ ಮೇಲೆ ಬಿದ್ದಿರುವ ಒಬ್ಬರಿಗಿಂತ ತಂಡಕ್ಕೆ ಹೆಚ್ಚು ಬೇಕಾದವರು.

ಹಾಗಾದರೆ ಕೈ ಪಳಗಿಸುವುದು ಹೇಗೆ?

ಮೊದಲು ಗುಂಡಿಗಳು. ಬಿಟ್ಟುಹೋದಾಗಿನ ಕೀಲಿ ಜೋಡಣೆ ಬೆರಳಿನಲ್ಲಿ ಉಳಿದಿರುತ್ತದೆ, ಆದರೆ ಆ ಗುಂಡಿಗಳ ಹಿಂದಿನ ಕೌಶಲಗಳು ಬದಲಾಗಿರುತ್ತವೆ. ಇದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ, ಏಕೆಂದರೆ ಮೊದಲು ಮರೆಯಬೇಕು. ಎಲ್ಲ ಗುಂಡಿಗಳನ್ನೂ ಖಾಲಿ ಮಾಡಿ, ಪ್ರತಿ ಕೌಶಲದ ವಿವರ ಓದಿ ಒಂದೊಂದಾಗಿ ಮತ್ತೆ ಇಡಿ. ಒಂದು ಸಂಜೆ ಹೋಗುತ್ತದೆ, ಹೋಗಲಿ.

ಆಮೇಲೆ ಅಭ್ಯಾಸದ ಗೊಂಬೆ. ಅದರ ಮುಂದೆ ಹತ್ತು ನಿಮಿಷ ಗುಂಡಿ ನೋಡದೆ ಹೊಡೆಯಲು ಬಂದಾಗ ನಿಲ್ಲಿಸಿ; ಗಂಟೆಗಟ್ಟಲೆ ಅಲ್ಲೇ ನಿಲ್ಲುವುದರಿಂದ ಲಾಭವಿಲ್ಲ. ಗೊಂಬೆ ತಿರುಗಿ ಹೊಡೆಯುವುದಿಲ್ಲ, ಕಾಲ ಕೆಳಗೆ ಬೆಂಕಿ ಹಚ್ಚುವುದಿಲ್ಲ. ಗೊಂಬೆಯ ಮುಂದೆ ನೂರಕ್ಕೆ ನೂರು ತೆಗೆಯುವವರು ಓಡುತ್ತಾ ಓಡುತ್ತಾ ಅರುವತ್ತು ತೆಗೆಯುವುದು ಸಾಮಾನ್ಯ. ಆ ನಲವತ್ತನ್ನು ಮರಳಿ ಪಡೆಯುವುದೇ ಕೌಶಲ, ಅದು ನಿಜವಾದ ಹೋರಾಟದಲ್ಲೇ ಬರಬೇಕು.

ಕೊನೆಯದಾಗಿ, ಸಾವಿನ ಪಟ್ಟಿ. ಇದಕ್ಕಿಂತ ಉಪಯೋಗದ ಅಭ್ಯಾಸವನ್ನು ನಾನು ಕಂಡಿಲ್ಲ. ಪ್ರತಿ ಸಲ ಸತ್ತಾಗ ಒಂದೇ ಸಾಲು ಬರೆಯಿರಿ: ಯಾವುದರಿಂದ, ಎಲ್ಲಿ ನಿಂತಿದ್ದಾಗ, ಆಗ ಏನನ್ನು ನೋಡುತ್ತಿದ್ದೆ. ನಮ್ಮ ಗಿಲ್ಡ್‌ಗೆ (ಕಾಯಂ ಬಳಗಕ್ಕೆ) ನಾಲ್ಕು ವರ್ಷಗಳ ನಂತರ ಮರಳಿದ ಹೀಲರ್ (ಜೊತೆಗಾರರ ಆರೋಗ್ಯ ಕಾಯುವವರು) ಒಬ್ಬರು ‘ನನ್ನ ಗೇರ್ ಸಾಲುತ್ತಿಲ್ಲ’ ಎಂದು ಬೇಸರದಿಂದ ಹೇಳುತ್ತಿದ್ದರು. ಎರಡು ಸಂಜೆ ಪಟ್ಟಿ ಬರೆದರು. ಹನ್ನೊಂದು ಸಾವು, ಅದರಲ್ಲಿ ಎಂಟು ಒಂದೇ ದಾಳಿಯಿಂದ. ಎಂಟೂ ಸಲ ಅವರು ನೋಡುತ್ತಿದ್ದದ್ದು ಪರದೆಯ ಎಡಮೂಲೆಯ ಆರೋಗ್ಯದ ಪಟ್ಟಿಗಳನ್ನು. ದಾಳಿಯ ಗುರುತು ಮೂಡುತ್ತಿದ್ದದ್ದು ಅವರ ಕಾಲ ಬುಡದಲ್ಲಿ. ಪಟ್ಟಿಗಳನ್ನು ಎಡಮೂಲೆಯಿಂದ ಎಳೆದು ಪಾತ್ರದ ಕಾಲಿನ ಕೆಳಗೆ, ಪರದೆಯ ನಡುವೆ ತಂದು ಇಟ್ಟರು. ಮುಂದಿನ ಸಂಜೆ ಆ ದಾಳಿಗೆ ಅವರು ಬಲಿಯಾದದ್ದು ಒಂದೇ ಸಲ. ಗೇರ್ ಒಂದೂ ಬದಲಾಗಿರಲಿಲ್ಲ.

7. ತಂಡ ಸೇರುವ ಸಮಯ

ಬೇಡಿಕೆ ಸೀಸನ್‌ನ ಒಳಗೂ ಏರಿಳಿಯುತ್ತದೆ. ಹೊಸ ಪ್ಯಾಚ್‌ನ ಮೊದಲ ಎರಡು ವಾರ ಯಾರ ಬಳಿಯೂ ಗೇರ್ ಇಲ್ಲ, ಯಾರಿಗೂ ಹೋರಾಟ ಗೊತ್ತಿಲ್ಲ. ಎಲ್ಲರೂ ಕಲಿಯುತ್ತಿರುವಾಗ ತಪ್ಪಿಗೆ ಕ್ಷಮೆ ಹೆಚ್ಚು. ನಡುಗಾಲದಲ್ಲಿ ಜನರ ದನಿ ಜೋರಾಗುತ್ತದೆ: ಗೇರ್ ಬೇಕು, ಅನುಭವವೂ ಬೇಕು. ಕೊನೆಗೆ ಬರುವಾಗ ಎಲ್ಲರ ಬಳಿ ಗೇರ್ ತುಂಬಿ ತುಳುಕುತ್ತಿರುತ್ತದೆ, ಹೊಸಬರೊಬ್ಬರನ್ನು ಹೊತ್ತು ಸಾಗುವುದು ಅವರಿಗೆ ಭಾರವಲ್ಲ. ಎಷ್ಟೋ ಸಲ ಆಟವೇ ಬೇಡಿಕೆಯನ್ನು ಇಳಿಸುತ್ತದೆ. 2010ರಲ್ಲಿ ವಾರ್‌ಕ್ರಾಫ್ಟ್‌ನ ಐಸ್‌ಕ್ರೌನ್ ಸಿಟಡೆಲ್ ರೇಡ್‌ನಲ್ಲಿ ಆಟಗಾರರಿಗೆ ಶೇ 5ರ ಹೆಚ್ಚುವರಿ ಬಲ ಕೊಡಲು ಶುರು ಮಾಡಿ, ತಿಂಗಳುಗಳು ಕಳೆದಂತೆ ಅದನ್ನು ಶೇ 30ಕ್ಕೆ ಏರಿಸಿದರು. ಬಾಸ್ ಅದೇ, ಆದರೆ ಮಾರ್ಚ್‌ನಲ್ಲಿ ಕೇಳಿದ್ದನ್ನು ಅದು ಆಗಸ್ಟ್‌ನಲ್ಲಿ ಕೇಳುತ್ತಿರಲಿಲ್ಲ. ಆದ್ದರಿಂದ ಮೊದಲ ವಾರಗಳು ಅಥವಾ ಕೊನೆಯ ತಿಂಗಳು ಮರಳಲು ಒಳ್ಳೆಯ ಹೊತ್ತು.

ಸೇರಲು ಕೇಳುವಾಗ ಪ್ರಾಮಾಣಿಕವಾಗಿ ಬರೆಯಿರಿ. ‘ಮೂರು ವರ್ಷದ ನಂತರ ಮರಳಿದ್ದೇನೆ, ಈ ಬಾಸ್ ಆಡಿಲ್ಲ, ವಿಡಿಯೊ ನೋಡಿದ್ದೇನೆ, ಎರಡನೆಯ ಹಂತದಲ್ಲಿ ಎಡಕ್ಕೆ ಹೋಗಬೇಕೆಂದು ಗೊತ್ತು’ ಎಂಬ ಒಂದು ಸಾಲು ದೊಡ್ಡ ಸಂಖ್ಯೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ತಂಡ ಕಟ್ಟುವವನಾಗಿ ಹೇಳುತ್ತೇನೆ, ಅಂಥ ಸಾಲು ಬರೆದವರನ್ನು ನಾನು ನಿರಾಕರಿಸಿದ್ದು ನೆನಪಿಲ್ಲ. ಯಾರೂ ಸೇರಿಸಿಕೊಳ್ಳದಿದ್ದರೆ ನೀವೇ ತಂಡ ಕಟ್ಟಿ, ಹೆಸರಿನಲ್ಲೇ ‘ಕಲಿಯುವವರಿಗೆ’ ಎಂದು ಹಾಕಿ. ನಿಮ್ಮಂತೆ ಬಾಗಿಲಲ್ಲಿ ನಿಂತವರು ಬಹಳ ಜನ ಇರುತ್ತಾರೆ.

ತಂಡ ಕಟ್ಟುವ ಹಳಬರಿಗೂ ಒಂದು ಕೋರಿಕೆ: ಲೆಕ್ಕ ಕೇಳುವುದಕ್ಕಿಂತ ಸ್ವಲ್ಪವೇ ಹೆಚ್ಚು ಕೇಳಿ. ತುಂಬ ಮೇಲೆ ಗೆರೆ ಎಳೆದರೆ ಆ ಬಾಸ್‌ನಿಂದ ಏನೂ ಬೇಕಿಲ್ಲದವರು ಮಾತ್ರ ಬರುತ್ತಾರೆ, ಒಂದೆರಡು ಸೋಲಿಗೇ ಎದ್ದುಹೋಗುತ್ತಾರೆ.

8. ಮುಂದಿನ ಪ್ಯಾಚ್ ಬಂದಾಗ

ಪ್ಯಾಚ್ ಟಿಪ್ಪಣಿಯನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ, ಅದು ಉದ್ದವಿರುತ್ತದೆ. ತೆಗೆದುಹಾಕಿದ್ದೇನು ಎಂಬುದನ್ನು ಮೊದಲು ಹುಡುಕಿ; ಹೊಸದಾಗಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ, ಹೋದದ್ದನ್ನು ನೀವೇ ಕಂಡುಹಿಡಿಯಬೇಕು. ಆಮೇಲೆ ನಿಮ್ಮ ಪಾತ್ರದ ಕೌಶಲಗಳು, ಆಮೇಲೆ ಗೇರ್ ಸಿಗುವ ಹೊಸ ದಾರಿ, ಕೊನೆಗೆ ಉಳಿದದ್ದು. ಟೋಕನ್‌ಗಳು ಬೇರೆ ರೂಪಕ್ಕೆ ಬದಲಾಗುವ ಅಥವಾ ಅವಧಿ ಮುಗಿಯುವ ಸೂಚನೆ ಇದ್ದರೆ ಪ್ಯಾಚ್‌ನ ಹಿಂದಿನ ದಿನವೇ ಖರ್ಚು ಮಾಡಿ.

ಮೂರನೆಯ ಹಂತದಲ್ಲಿ ಬರೆದ ಆ ಹಾಳೆಯನ್ನು ಆ ರಾತ್ರಿ ಮತ್ತೆ ತೆಗೆಯಿರಿ. ಬಾಗಿಲಿನ ಸಾಲನ್ನು ಅಳಿಸಿ ಹೊಸದಾಗಿ ಬರೆಯಬೇಕಾಗುತ್ತದೆ. ಲೆಕ್ಕದ ಸಾಲಿಗೆ ಒಂದೆರಡು ವಾರ ಪ್ರಶ್ನಾರ್ಥಕ ಚಿಹ್ನೆ ಇರಲಿ. ಸಾವಿನ ಪಟ್ಟಿಗೆ ಮಾತ್ರ ಹೊಸ ಹಾಳೆ ಬೇಡ, ಹಳೆಯದರ ಕೆಳಗೇ ಮುಂದುವರಿಸಿ.